ಸರ್ಟಿಫಿಕೇಟು ಬೇಡವೆಂದು ಹೂಡಿದ ಜಗಳ

ಕುಂದಗೋಳದ ಬಸ್‌ಸ್ಟ್ಯಾಂಡಿನಲ್ಲಿ ಹೆಚ್ಚುಕಡಿಮೆ ಒಂದು ತಿಂಗಳು ನನ್ನ ಮುಖ ತೂಗಾಡುತ್ತಿತ್ತು. ಸಣ್ಣ ಮುಖವಲ್ಲ, ಮೊರದಷ್ಟು ಅಗಲದ್ದು. ನನ್ನ ಮದುವೆಯಲ್ಲಿ ತೆಗೆಸಿದ ಫೋಟೋಗಳಲ್ಲಿ ಅರ್ಧದಲ್ಲಿ ನಾನು ತಲೆ ಬಗ್ಗಿಸಿಕೊಂಡಿದ್ದೇನೆ, ಉಳಿದರ್ಧದಲ್ಲಿ ನನ್ನ ಮುಂದೆ ಯಾರೋ ಬೀಗರು ನಿಂತಿದ್ದಾರೆ. ಅಂಥ ನಾನು ನಲವತ್ತಾರನೇ ವಯಸ್ಸಿನಲ್ಲಿ, ಬಸ್ಸಿಳಿದವರೆಲ್ಲ ಕತ್ತೆತ್ತಿ ನೋಡುವ ಹಾಗೆ, ಒಂದು ಕಂಪ್ಯೂಟರ್ ತರಬೇತಿ ಶಾಲೆಯ ಫ್ಲೆಕ್ಸಿನ ನಟ್ಟನಡುವೆ ಕೂತಿದ್ದೆ. ಸುತ್ತಲೂ ಹುಡುಗ ಹುಡುಗಿಯರ ಸಣ್ಣ ಸಣ್ಣ ಫೋಟೋ, ನಡುವೆ ದೊಡ್ಡದಾಗಿ ನಾನು, ಕೆಳಗೆ ಕೆಂಪಕ್ಷರದಲ್ಲಿ ‘ಕಂಪ್ಯೂಟರ್ ಪರಿಣತರಾದ ನಮ್ಮ ಹೆಮ್ಮೆಯ ವಿದ್ಯಾರ್ಥಿಗಳಿಗೆ ಅಭಿನಂದನೆಗಳು’. ಶಾಲೆಯ ಸರ್ ನನ್ನ ಪಾಸ್‌ಪೋರ್ಟ್ ಸೈಜಿನ ಫೋಟೋವನ್ನು ತಿದ್ದಿ ನನ್ನನ್ನು ಎರಡು ಬಣ್ಣ ಬೆಳ್ಳಗೆ ಮಾಡಿದ್ದರು. ಹಣೆಯ ವಿಭೂತಿ ಆ ಬಿಳುಪಿನಲ್ಲಿ ಕಾಣೆಯಾಗಿತ್ತು.

ಎಲ್ಲ ಚೆನ್ನಾಗಿತ್ತು, ತೊಂದರೆ ಒಂದೇ. ನನಗೆ ಕಂಪ್ಯೂಟರ್ ಬರುತ್ತಿರಲಿಲ್ಲ.

ನಾನು ಯರಗುಪ್ಪಿಯಿಂದಾಚೆಯ ಒಂದು ಹಳ್ಳಿಯಲ್ಲಿ ಗ್ರಾಮ ಪಂಚಾಯ್ತಿ ಗ್ರಂಥಾಲಯದ ಮೇಲ್ವಿಚಾರಕಿ. ಹೆಸರು ದೊಡ್ಡದು, ಕೋಣೆ ಒಂದೇ. ಎರಡು ಕಪಾಟು ಪುಸ್ತಕ, ಒಂದು ಉದ್ದನೆಯ ಟೇಬಲ್ಲು, ದಿನಾ ಬರುವ ನಾಲ್ಕು ಪೇಪರು. ಎರಡು ವರ್ಷದ ಹಿಂದೆ ಇವುಗಳ ಜೊತೆಗೆ ಎರಡು ಕಂಪ್ಯೂಟರ್ ಬಂದವು. ಊರಿನವರು ಉಪಯೋಗಿಸಲಿ ಎಂದು ಕೊಟ್ಟಿದ್ದು. ನಾನು ಅವಕ್ಕೆ ಹೂವಿನ ಚಿತ್ತಾರದ ಬಟ್ಟೆ ಹೊಲಿಸಿ ಹೊದಿಸಿದೆ. ಆಯುಧಪೂಜೆಯ ದಿನ ಪರದೆಯ ಮೇಲೆ ವಿಭೂತಿ ಎಳೆದು, ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಮತ್ತೆ ಬಟ್ಟೆ ಮುಚ್ಚಿದೆ. ಅವನ್ನಿಟ್ಟ ಕಟ್ಟಿಗೆಯ ಕ್ಯಾಬಿನ್ನಿನ ಕೀಲಿ ನನ್ನ ಸೆರಗಿನ ಗಂಟಿನಲ್ಲಿ. ಏನಾದರೂ ಕೆಟ್ಟರೆ ಕೇಳುವುದು ನನ್ನನ್ನಲ್ಲವೇ? ಹೈಸ್ಕೂಲಿನ ಹುಡುಗಿಯರು ಬಂದು ಕಿಟಕಿಯಿಂದ ನೋಡಿ ಹೋಗುತ್ತಿದ್ದರು. ‘ಮೊದಲು ನಾನು ಕಲಿತು ಬರತೀನಿ, ಅಲ್ಲೀತನಕಾ ಯಾರೂ ಮುಟ್ಟಬ್ಯಾಡ್ರಿ’ ಎಂದು ಎಲ್ಲರಿಗೂ ಹೇಳಿದ್ದೆ.

ಈ ಮಾತು ಹೇಳಿಸಿಕೊಂಡವರಲ್ಲಿ ನಮ್ಮ ಕಾಕಾ ಒಬ್ಬರು. ಸಂಬಂಧದಿಂದ ಕಾಕಾ ಅಲ್ಲ, ಊರಿಗೇ ಕಾಕಾ. ಎಪ್ಪತ್ತೆಂಟು ವಯಸ್ಸು, ಬಿಳಿ ಧೋತರ, ತಲೆಗೆ ಟೊಪ್ಪಿಗೆ. ನಾನು ಬಾಗಿಲು ತೆಗೆಯುವ ಮೊದಲೇ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಒಂದು ಕಣ್ಣಿನ ಪೊರೆ ತೆಗೆಸಿಯೂ ಸರಿಹೋಗಿರಲಿಲ್ಲ, ಇನ್ನೊಂದೂ ಮಂಜಾಗುತ್ತಿತ್ತು. ಭೂತಗನ್ನಡಿ ಹಿಡಿದು ಪೇಪರಿನ ಒಂದೊಂದು ಸಾಲನ್ನೂ ಹೊಲದ ಸಾಲು ನೋಡಿದಂತೆ ನೋಡುತ್ತ ಹೋಗುತ್ತಿದ್ದರು. ಒಂದು ದಿನ ನಾನು ಬೀಗ ಹಾಕುವುದು ಮರೆತಾಗ ಕಂಪ್ಯೂಟರಿನ ಬಟ್ಟೆಯ ಅಂಚು ಎತ್ತಿ ನೋಡುತ್ತಿದ್ದರು. ನಾನು ಮೆತ್ತಗೆ ಅವರ ಕೈ ತೆಗೆದು ಬಟ್ಟೆ ಸರಿಮಾಡಿದೆ. ಅವರು ಹೋಗಿ ಕೂತು, ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಆಮೇಲೆ ಪೇಪರು ಹಿಡಿದರು.

ಕಾಕಾನ ತಂದೆ ಮೊಹರಂ ಪದ ಕಟ್ಟುತ್ತಿದ್ದವರು. ಹಣೆ ತುಂಬ ವಿಭೂತಿ ಧರಿಸಿದ ಆ ಮನುಷ್ಯ ಮೊಹರಂ ಬಂತೆಂದರೆ ಹೆಜ್ಜೆ ಮೇಳದ ಮುಂದೆ ನಿಂತು ಹಾಡುತ್ತಿದ್ದರಂತೆ, ಹಿಂದೆ ಹಿಂದೂ ಮುಸ್ಲಿಂ ಎರಡೂ ಓಣಿಯ ಗಂಡಸರು ಹೆಜ್ಜೆ ಹಾಕುತ್ತಿದ್ದರಂತೆ. ಆ ಪದಗಳೆಲ್ಲ ಒಂದು ಹಳೆಯ ನೋಟುಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ಬರೆದಿಟ್ಟಿದ್ದವು. ಪೆನ್ಸಿಲ್ಲು ಮಾಸಿ, ಹಾಳೆ ಬೆಲ್ಲದ ಬಣ್ಣಕ್ಕೆ ತಿರುಗಿ, ಅದನ್ನು ಓದಲು ಬರುವುದು ಇಡೀ ಊರಿನಲ್ಲಿ ಕಾಕಾ ಒಬ್ಬರಿಗೇ ಎಂಬಂತಾಗಿತ್ತು. ಅರ್ಧ ಕಣ್ಣಿನಿಂದ, ಅರ್ಧ ನೆನಪಿನಿಂದ ಓದುತ್ತಿದ್ದರು. ನಾನು ಕಂಪ್ಯೂಟರ್ ಕಲಿಯಲು ಹೊರಟಾಗ ಅವರು ಕೇಳಿದ್ದು ಅದನ್ನೇ. ಕಲಿತು ಬಂದ ಮೇಲೆ ಅಪ್ಪನ ಪದಗಳನ್ನು ಟೈಪು ಮಾಡಿಕೊಡುತ್ತೀಯಾ ಎಂದು. ಅದೇನು ದೊಡ್ಡ ಮಾತು ಕಾಕಾ ಎಂದು ಹೇಳಿ ಬಸ್ಸು ಹತ್ತಿದ್ದೆ. ಬಾಯಿಗೆ ಬಾಡಿಗೆ ಕೊಡಬೇಕೇ?

ತರಬೇತಿ ಶಾಲೆ ಕುಂದಗೋಳದಲ್ಲಿ ಒಂದು ಗೊಬ್ಬರದಂಗಡಿಯ ಮೇಲಿತ್ತು. ಮೆಟ್ಟಿಲು ಹತ್ತುವಾಗ ಯೂರಿಯಾ ವಾಸನೆ ಜೊತೆಗೇ ಹತ್ತಿಬರುತ್ತಿತ್ತು. ಆರು ಕಂಪ್ಯೂಟರು, ಇಪ್ಪತ್ತು ಮಂದಿ ವಿದ್ಯಾರ್ಥಿಗಳು, ಒಬ್ಬರೇ ಸರ್. ಸರ್ ಅಂದರೆ ಇಪ್ಪತ್ತೆಂಟರ ತರುಣ. ಮನೆಯಲ್ಲಿ ಉರ್ದು, ನಮ್ಮೊಡನೆ ಅಗದಿ ಕುಂದಗೋಳದ ಕನ್ನಡ. ನಗುಮುಖ, ಇಸ್ತ್ರಿ ಮಾಡಿದ ಅಂಗಿ. ಇಷ್ಟು ಮರ್ಯಾದೆಯ ಹುಡುಗನನ್ನು ನಾನು ಆ ತಾಲೂಕಿನಲ್ಲಿ ಕಂಡಿಲ್ಲ. ಮುಂದೆ ಆದ ಜಗಳಕ್ಕೆಲ್ಲ ಆ ಮರ್ಯಾದೆಯೇ ಮೂಲ.

ಮೊದಲ ದಿನ ಇನ್ನೂರು ಪುಟದ ನೋಟುಬುಕ್ಕು ತರಲು ಹೇಳಿದರು. ಕಂಪ್ಯೂಟರ್ ಎಂದರೇನು, ಅದರ ಪೀಳಿಗೆಗಳು ಎಷ್ಟು, ಅದರ ಲಾಭಗಳೇನು ಎಂದು ಒಂದು ತಿಂಗಳು ಬರೆಸಿದರು. ನನ್ನ ಅಕ್ಷರ ದುಂಡಗೆ, ನಾನು ಸಂತೋಷದಿಂದ ಬರೆದೆ. ನೂರು ಪುಟದವರೆಗೆ ಹೋಯಿತು. ಆಮೇಲೆ ಕೀಬೋರ್ಡಿನ ಸರದಿ. ಒಂದೊಂದು ಕಂಪ್ಯೂಟರಿಗೆ ಮೂರ್ನಾಲ್ಕು ಮಂದಿ. ಆದರೆ ಸರ್ ನನ್ನನ್ನು ಆ ಗುಂಪಿನಲ್ಲಿ ಕೂರಿಸಲಿಲ್ಲ. ನಾನು ಲೈಬ್ರರಿ ಅಕ್ಕಾರು, ವಯಸ್ಸಿನಲ್ಲಿ ಹಿರಿಯಳು, ಹುಡುಗರ ನಡುವೆ ಹೇಗೆ ನುಸುಳಲಿ? ನನಗೆ ಬೇರೆಯೇ ಒಂದು ಗಾದಿಯ ಕುರ್ಚಿ, ಬೇರೆಯೇ ಕಂಪ್ಯೂಟರ್, ಹನ್ನೊಂದು ಗಂಟೆಗೆ ಚಹಾ.

ನಾನು ಮೌಸ್ ಹಿಡಿದು ಬಾಣವನ್ನು ಅತ್ತಿತ್ತ ಓಡಿಸುತ್ತಿದ್ದರೆ ಸರ್ ದೂರದಿಂದಲೇ ನೋಡಿ ಓಡಿಬರುತ್ತಿದ್ದರು. ‘ಬಿಡ್ರಿ ಅಕ್ಕಾರ, ನಾ ಮಾಡತೀನಿ.’ ಟಕಟಕ ಎರಡು ಸಲ ಒತ್ತಿದರೆ ಕೆಲಸ ಮುಗಿಯುತ್ತಿತ್ತು. ನಾನು ತಲೆಯಾಡಿಸುತ್ತಿದ್ದೆ. ‘ತಿಳೀತ್ರ್ಯಾ?’ ಎಂದರೆ ತಿಳಿಯಿತು ಎನ್ನುತ್ತಿದ್ದೆ. ಅಷ್ಟು ಮಂದಿ ಹುಡುಗಿಯರ ಎದುರಿಗೆ ತಿಳಿಯಲಿಲ್ಲ ಎನ್ನಲು ನನಗಾದರೂ ಹೇಗೆ ಮನಸ್ಸು ಬಂದೀತು? ಸುಳ್ಳೇಕೆ ಹೇಳಲಿ, ಆ ಗಾದಿ ಕುರ್ಚಿ, ಆ ಚಹಾ, ಆ ‘ಅಕ್ಕಾರ’ ನನಗೂ ಹಿತವಾಗಿದ್ದವು. ಮನೆಯಲ್ಲಿ ಯಾರು ನನ್ನ ಕೈಯಿಂದ ಕೆಲಸ ಕಸಿದುಕೊಂಡು ಕುಂದರ್ರಿ ಎನ್ನುತ್ತಾರೆ?

ಪರೀಕ್ಷೆಯೂ ಹೀಗೇ ಆಯಿತು. ರಜಾ ಅರ್ಜಿಯೊಂದನ್ನು ಕನ್ನಡದಲ್ಲಿ ಟೈಪು ಮಾಡಬೇಕಿತ್ತು. ನನ್ನ ಬೆರಳು ಕೀಬೋರ್ಡಿನ ಮೇಲೆ ಜೋಳದ ರಾಶಿಯಲ್ಲಿ ಕಲ್ಲು ಆರಿಸುತ್ತಿದ್ದಂತೆ ತಡಕಾಡುತ್ತಿತ್ತು. ಸರ್‌ಗೆ ನೋಡಲಾಗಲಿಲ್ಲ. ‘ನೀವು ಹೇಳ್ರಿ ಅಕ್ಕಾರ, ನಾ ಒತ್ತತೀನಿ’ ಎಂದು ಕೂತೇಬಿಟ್ಟರು. ನಾನು ಹೇಳಿದೆ, ಅವರು ಒತ್ತಿದರು. ನನಗೆ ಎ ಪ್ಲಸ್ ಬಂತು. ಆ ಎ ಪ್ಲಸ್ ನ್ಯಾಯವಾಗಿ ಅವರಿಗೇ ಸೇರಬೇಕಾದದ್ದು.

ಸರ್ಟಿಫಿಕೇಟಿನ ಜೊತೆ ಶಾಲು ಹೊದಿಸಿದರು. ಮರುದಿನವೇ ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸು ಏರಿತು. ನಮ್ಮ ಮನೆಯವರು ಬೀಜದ ಕಡಲೆ ತರಲು ಹೋದವರು ಫ್ಲೆಕ್ಸಿನ ಫೋಟೋವನ್ನು ಮೊಬೈಲಿನಲ್ಲಿ ಹಿಡಿದು ತಂದರು. ಇಪ್ಪತ್ತೈದು ವರ್ಷ ಒಟ್ಟಿಗೆ ಬಾಳಿದ ಮನುಷ್ಯ ಅದನ್ನು ನನಗೇ ತೋರಿಸಿ, ಇವರು ಯಾರು ನೋಡು, ಎಲ್ಲೋ ಕಂಡಂಗ ಐತಿ ಎಂದರು.

ಫ್ಲೆಕ್ಸಿನ ಸುದ್ದಿ ಊರಿಗೆ ಬಂದ ಮರುದಿನ ಬೆಳಿಗ್ಗೆ ಕಾಕಾ ಕಟ್ಟೆಯ ಮೇಲೆ ಕೂತಿದ್ದರು. ತೊಡೆಯ ಮೇಲೆ ಕೆಂಪು ವಸ್ತ್ರದಲ್ಲಿ ಕಟ್ಟಿದ ಗಂಟು. ನಾನು ಬಾಗಿಲು ತೆಗೆದೊಡನೆ ಒಳಗೆ ಬಂದು ಅದನ್ನು ಟೇಬಲ್ಲಿನ ಮೇಲಿಟ್ಟು ಬಿಚ್ಚಿದರು. ನೋಟುಬುಕ್ಕು.

‘ನೀ ಕಲ್ತ ಬಂದಿ, ಭಾಳ ಚಲೋ ಆತು. ಇದನ್ನ ಓದಾಕ ಬರೂದು ನನಗೊಬ್ಬನಿಗೆ. ನನ್ನ ಕಣ್ಣ ಇರೂದರಾಗ ಇದನ್ನ ಮುಗಸಿಬಿಡು ತಂಗಿ.’

ಪರೀಕ್ಷೆಯಲ್ಲಿ ಒತ್ತಿದ ಬೆರಳು ಯಾರದೆಂದು ನೆನಪಾಯಿತು. ಆದರೂ ಆಯಿತು ಎಂದೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಮೇಲೆ ಬಾಗಿಲು ಮುಂದೆ ಮಾಡಿ, ಬಟ್ಟೆ ತೆಗೆದು, ಪರದೆಯ ವಿಭೂತಿ ಒರೆಸಿ ಕೂತೆ. ಕಂಪ್ಯೂಟರ್ ಚಾಲೂ ಆಯಿತು, ಅಷ್ಟು ಬರುತ್ತಿತ್ತು. ಕಾಕಾನ ಬಾಯಿಂದ ಕೇಳಿ ನೆನಪಿದ್ದ ಮೊದಲ ಪದದ ಮೊದಲ ಸಾಲು ಒತ್ತಿದೆ. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳು ಸಾಲಾಗಿ ಬಂದು ನಿಂತವು. ಕನ್ನಡ ತರುವುದು ಎಲ್ಲಿ ಒತ್ತಿ? ಪ್ರತಿಸಲವೂ ಅದನ್ನು ಸರ್ ಮಾಡಿಟ್ಟಿರುತ್ತಿದ್ದರು. ಇನ್ನೂರು ಪುಟದ ನೋಟುಬುಕ್ಕು ತೆಗೆದು ಹುಡುಕಿದೆ. ಕಂಪ್ಯೂಟರಿನ ಎಲ್ಲ ಪೀಳಿಗೆಗಳೂ ಇದ್ದವು, ಅಜ್ಜ ಮುತ್ತಜ್ಜನವರೆಗೆ. ಎಲ್ಲಿ ಒತ್ತಬೇಕೆಂಬುದು ಮಾತ್ರ ಇರಲಿಲ್ಲ. ಎರಡು ತಾಸು ತಿಣುಕಿ, ಬೆವರಿ, ಸ್ವಿಚ್ಚು ಆರಿಸಿ ಬಟ್ಟೆ ಮುಚ್ಚಿದೆ.

ಸಂಜೆ ಕಾಕಾ ಬಂದು ಎಷ್ಟಾಯಿತೆಂದು ಕೇಳಿದರು. ನಾನು, ‘ಕರೆಂಟ್ ಇಲ್ರಿ ಕಾಕಾ ಇವತ್ತ’ ಎಂದೆ. ಅವರು ತಲೆಯೆತ್ತಿ ನೋಡಿದರು. ನಮ್ಮಿಬ್ಬರ ತಲೆಯ ಮೇಲೂ ಫ್ಯಾನು ಗರಗರ ತಿರುಗುತ್ತಿತ್ತು. ಕಾಕಾ ಆಗಲಿ ಎಂದು ತಲೆಯಾಡಿಸಿ, ಕೋಲು ತೆಗೆದುಕೊಂಡು ಹೊರಟರು.

ಆ ರಾತ್ರಿ ನಾನು ಊಟ ಮಾಡಲಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಅತ್ತೆ ಹೇಳುತ್ತಿದ್ದರು, ಅದು ನಿಜ. ಆದರೆ ಅವತ್ತು ಬಂದದ್ದು ಸಿಟ್ಟಿಗಿಂತ ನಾಚಿಕೆ. ನಾಚಿಕೆಯನ್ನು ಇಟ್ಟುಕೊಳ್ಳುವುದು ಕಷ್ಟ, ಅದಕ್ಕೆ ಬೆಳಗಾಗುವುದರೊಳಗೆ ಅದನ್ನು ಸಿಟ್ಟು ಮಾಡಿಕೊಂಡು, ಸರ್ಟಿಫಿಕೇಟನ್ನು ಚೀಲದಲ್ಲಿ ಹಾಕಿಕೊಂಡು ಮೊದಲ ಬಸ್ಸು ಹತ್ತಿದೆ.

ಮೆಟ್ಟಿಲು ಹತ್ತಿದವಳೇ ಸರ್ಟಿಫಿಕೇಟನ್ನು ಸರ್ ಮುಂದೆ ಟೇಬಲ್ಲಿನ ಮೇಲಿಟ್ಟೆ. ಇದು ನನಗೆ ಬೇಡ, ಫ್ಲೆಕ್ಸಿನಿಂದ ನನ್ನ ಫೋಟೋ ತೆಗೆಯಿರಿ ಎಂದೆ. ಸರ್ ಗಾಬರಿಯಾಗಿ ಸರ್ಟಿಫಿಕೇಟನ್ನು ತಿರುವಿ ನೋಡಿದರು. ಹೆಸರು ತಪ್ಪಾಗಿದೆಯೇ, ಗ್ರೇಡು ಕಡಿಮೆಯಾಯಿತೇ ಎಂದು ಕೇಳಿದರು. ಏನೂ ತಪ್ಪಿಲ್ಲ, ನನಗೆ ಏನೂ ಬರುವುದಿಲ್ಲ ಅಷ್ಟೇ ಎಂದೆ.

‘ಅಕ್ಕಾರ, ಸರ್ಟಿಫಿಕೇಟ್ ಕೊಡವಲ್ರಿ ಅಂತ ಜಗಳಾ ಮಾಡಾವ್ರನ್ನ ನೋಡೀನಿ. ಕೊಟ್ರಿ ಅಂತ ಜಗಳಾ ಮಾಡಾವ್ರು ನೀವ ಮೊದಲನೇದಾವ್ರು.’

ನಾನು ದನಿ ಏರಿಸಿದೆ. ಮೂರು ತಿಂಗಳಲ್ಲಿ ನನ್ನ ಕೈಯಿಂದ ಒಂದು ಸಾಲು ಬರೆಸಿದ್ದೀರಾ, ಈಗ ನಮ್ಮೂರ ಕಾಕಾ ಟೈಪು ಮಾಡಲು ಪದಗಳ ನೋಟುಬುಕ್ಕು ತಂದಿಟ್ಟಿದ್ದಾರೆ, ಏನು ಮಾಡಲಿ ಎಂದು ಕೇಳಿದೆ. ಹುಡುಗಿಯರು ಟೈಪು ಮಾಡುವುದು ಬಿಟ್ಟು ಕಿವಿ ಇತ್ತ ಕೊಟ್ಟರು. ಕೆಳಗಿನ ಗೊಬ್ಬರದಂಗಡಿಯ ಮಾಲೀಕರು ಗದ್ದಲ ಕೇಳಿ ಮೇಲೆ ಬಂದು, ಎರಡೂ ಕಡೆಯ ಮಾತು ಕೇಳಿ, ಬೀಜ ಚಲೋ ಇದ್ದರೂ ಭೂಮಿ ಹದ ಇರಬೇಕು ಎಂದು ತೀರ್ಪು ಕೊಟ್ಟರು. ಅಂದರೆ ತಪ್ಪು ನನ್ನ ತಲೆಯದು ಎಂದು. ಅವರ ಮೇಲೆ ಇನ್ನೊಂದು ಸಲ ಸಿಟ್ಟಾಯಿತು.

‘ಕೈ ಕೆಸರಾದ್ರ ಬಾಯಿ ಮೊಸರು ಅಂತಾರ’ ಎಂದೆ ನಾನು. ‘ನನ್ನ ಕೈ ಕೆಸರ ಆಗಾಕನ ಇವರು ಬಿಡಲಿಲ್ಲ. ಇನ್ನ ಮೊಸರು ಎಲ್ಲಿಂದ ಬರಬೇಕ್ರಿ?’

ಸರ್ ಮುಖ ಸಣ್ಣದಾಯಿತು. ಪಾಪ ಅನಿಸಿದರೂ ನಾನು ಬಗ್ಗಲಿಲ್ಲ. ಅವರೂ ಬಗ್ಗಲಿಲ್ಲ. ಫ್ಲೆಕ್ಸು ಇಳಿಸಿದರೆ ಶಾಲೆಯ ಹೆಸರು ಹೋಗುತ್ತದೆ, ಹೊಸ ಬ್ಯಾಚು ಶುರುವಾಗುವ ಹೊತ್ತು ಎಂದರು. ಬೇಕಾದರೆ ಕಾಕಾನ ನೋಟುಬುಕ್ಕನ್ನು ತಾವೇ ಕೂತು ಟೈಪು ಮಾಡಿಕೊಡುವುದಾಗಿ ಹೇಳಿದರು. ಒಂದು ಗಳಿಗೆ ನನ್ನ ಮನಸ್ಸು ಜಾರಿತು. ಕಾಕಾನ ಕೆಲಸ ಆಗುತ್ತದೆ, ನನ್ನ ಮಾನವೂ ಉಳಿಯುತ್ತದೆ. ಆದರೆ ತಿರುಗುವ ಫ್ಯಾನಿನ ಕೆಳಗೆ ಹೇಳಿದ ಸುಳ್ಳಿನ ಮೇಲೆ ಇದು ಇನ್ನೊಂದು ಸುಳ್ಳು. ಬೇಡ ಎಂದೆ. ಆಗ ಸರ್ ಏನೋ ಹೊಳೆದವರಂತೆ ಸರ್ಟಿಫಿಕೇಟನ್ನು ಎತ್ತಿಕೊಂಡು ಒಳಗೆ ಹೋದರು. ನಾನು ಗೆದ್ದೆನೆಂದು ಕೂತೆ. ಎರಡು ನಿಮಿಷದಲ್ಲಿ ಹೊರಗೆ ಬಂದು ಅದನ್ನು ಮತ್ತೆ ನನ್ನ ಕೈಗಿಟ್ಟರು. ಲ್ಯಾಮಿನೇಷನ್ ಮಾಡಿದ್ದರು. ಇನ್ನೂ ಬೆಚ್ಚಗಿತ್ತು.

ಅದನ್ನು ಅಲ್ಲೇ ಬಿಟ್ಟು ಇಳಿದು ಬಂದೆ.

ಮರುದಿನ ಕುಂದಗೋಳದಲ್ಲಿ ಸಂತೆ. ನಾನು ರಜೆ ಹಾಕಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು, ಕಾಕಾನ ನೋಟುಬುಕ್ಕನ್ನೂ ಚೀಲದಲ್ಲಿಟ್ಟುಕೊಂಡು ಬಸ್‌ಸ್ಟ್ಯಾಂಡಿಗೆ ಹೋದೆ. ಫ್ಲೆಕ್ಸಿನ ಕೆಳಗಿನ ಸಿಮೆಂಟ್ ಬೆಂಚಿನ ಮೇಲೆ ಕೂತೆ. ಸರ್ ಇಳಿಸದಿದ್ದರೆ ಬೇಡ. ನೋಡುವವರಿಗೆಲ್ಲ ನಿಜವನ್ನು ನಾನೇ ಹೇಳುತ್ತೇನೆ ಎಂದು ನಿಶ್ಚಯಿಸಿದ್ದೆ. ಒಂಟಿ ಹೆಂಗಸಿನ ಧರಣಿ.

ಸಂತೆಯ ಮಂದಿ ಬಂದರು, ಮೇಲೆ ನೋಡಿದರು, ಕೆಳಗೆ ನೋಡಿದರು. ಬಣ್ಣದಲ್ಲಿ ವ್ಯತ್ಯಾಸವಿದ್ದರೂ ಗುರುತು ಹಿಡಿದರು. ಒಬ್ಬ ಹೆಣ್ಣುಮಗಳು ಮೆಣಸಿನಕಾಯಿ ಚೀಲ ಇಳಿಸಿ, ತನ್ನ ಮಗಳನ್ನು ಮುಂದೆ ತಂದು ನಿಲ್ಲಿಸಿ, ಆ ಫೋಟೋದವರು ನೀವೇ ಏನ್ರಿ ಎಂದು ಕೇಳಿದಳು. ಹೌದು ನಾನೇ, ಆದರೆ ನನಗೆ ಕಂಪ್ಯೂಟರ್ ಬರುವುದಿಲ್ಲ ಎಂದು ಬಿಡಿಸಿ ಹೇಳಿದೆ.

ಅವಳು ಮಗಳ ಕಡೆ ತಿರುಗಿದಳು. ‘ನೋಡಿದ್ಯಾ? ಅಷ್ಟ ಕಲ್ತರೂ ಎಷ್ಟ ಸಾದಾ ಅದಾರ. ನೀನೂ ಹಿಂಗ ಇರಬೇಕು.’

ನಾನು ಇಲ್ಲ ಇಲ್ಲ ಎಂದಷ್ಟೂ ಅವರಿಗೆ ನನ್ನ ದೊಡ್ಡತನ ಹೆಚ್ಚಾಗಿ ಕಾಣುತ್ತಿತ್ತು. ಒಬ್ಬ ಹಿರಿಯರು ತುಂಬಿದ ಕೊಡ ತುಳುಕುವುದಿಲ್ಲ ಎಂದು ಹೇಳಿ ಕೈ ಮುಗಿದು ಹೋದರು. ಕೊಡ ಖಾಲಿಯಿದೆ ಎಂದು ಕೊಡವೇ ಹೇಳಿದರೂ ನಂಬುವವರಿಲ್ಲ. ಯಾರೋ ನನಗೆ ಚಹಾ ತಂದುಕೊಟ್ಟರು. ಇಬ್ಬರು ಕಾಲೇಜು ಹುಡುಗಿಯರು ನನ್ನ ಜೊತೆ ಫೋಟೋ ತೆಗೆಸಿಕೊಂಡು, ತರಬೇತಿ ಶಾಲೆಯ ದಾರಿ ಕೇಳಿದರು. ಹೋಗಬೇಡಿ ಎಂದೆ. ಅವರು ನಕ್ಕು, ಗೊಬ್ಬರದಂಗಡಿಯ ದಾರಿ ಹಿಡಿದು ಹೋದರು.

ಮೂರು ಗಂಟೆಯ ಹೊತ್ತಿಗೆ ಸರ್ ಬಂದರು. ಜಗಳಕ್ಕೆ ಬಂದರೆಂದು ನಾನು ಸೆರಗು ಸಿಕ್ಕಿಸಿ ಎದ್ದು ನಿಂತೆ. ಅವರ ಕೈಯಲ್ಲಿ ಪೇಡೆಯ ಪೊಟ್ಟಣವಿತ್ತು.

‘ಅಕ್ಕಾರ, ನೀವು ಇಷ್ಟ ದೊಡ್ಡ ಮನಸ ಮಾಡತೀರಿ ಅಂತ ತಿಳಿದಿರಲಿಲ್ರಿ. ಮುಂಜಾನಿಂದ ಮೂರು ಅಡ್ಮಿಷನ್ ಆಗ್ಯಾವು. ಎಲ್ಲಾರೂ ನಿಮ್ಮ ಹೆಸರ ಹೇಳ್ಕೋಂತ ಬಂದ್ರು.’

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮೊದಲು ನಗೆ ಬಂತು, ಬೆಂಚಿನ ಮೇಲೆ ಕುಸಿದು ಕಣ್ಣಲ್ಲಿ ನೀರು ಬರುವತನಕ ನಕ್ಕೆ. ಆಮೇಲೆ ಆ ನೀರು ನಿಲ್ಲಲಿಲ್ಲ. ಸರ್ ಪೊಟ್ಟಣ ಹಿಡಿದುಕೊಂಡು ಹಾಗೇ ನಿಂತಿದ್ದರು. ನಾನು ಚೀಲದಿಂದ ನೋಟುಬುಕ್ಕು ತೆಗೆದು ಅವರಿಗೆ ಕೊಟ್ಟೆ. ಕಾಕಾನ ಕಣ್ಣಿನ ಸಂಗತಿ, ಫ್ಯಾನಿನ ಸಂಗತಿ ಎಲ್ಲ ಹೇಳಿದೆ. ಊರಲ್ಲಿ ಮುಖ ತೋರಿಸಲಾಗದೆ ಇಲ್ಲಿ ಬಂದು ಕೂತಿದ್ದೇನೆ, ನಿಮಗೆ ಉಪಕಾರ ಮಾಡಲು ಅಲ್ಲ ಎಂದೆ.

ಸರ್ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು ಹಾಳೆ ತಿರುವಿದರು. ಒಂದಕ್ಷರವೂ ಓದಲು ಬರಲಿಲ್ಲ. ನೋಟುಬುಕ್ಕು ಮುಚ್ಚಿ ನನ್ನ ಕೈಗೆ ಕೊಟ್ಟರು.

‘ನೀವು ನಮ್ಮ ಅಮ್ಮೀ ವಯಸ್ಸಿನಾವ್ರು. ಹುಡುಗ್ಯಾರ ಮುಂದ ನೀವು ತಪ್ಪ ಮಾಡೂದು ನನಗ ನೋಡಾಕ ಆಗತಿರಲಿಲ್ರಿ. ನಿಮ್ಮ ಮರ್ಯಾದಿ ಕಾಯಾಕತ್ತೀನಿ ಅಂತ ತಿಳಕೊಂಡಿದ್ದೆ.’

ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಮೂರು ತಿಂಗಳು ಗಾದಿ ಕುರ್ಚಿಯಲ್ಲಿ ಕೂತು ಚಹಾ ಕುಡಿದಿದ್ದೆ. ತಪ್ಪು ಅರ್ಧ ನನ್ನದು ಎಂದು ಒಪ್ಪಿಕೊಂಡೆ. ಪೇಡೆ ತಿನ್ನುತ್ತ ಅಲ್ಲೇ ಒಪ್ಪಂದವಾಯಿತು. ನಾನು ಮತ್ತೆ ಬರುತ್ತೇನೆ, ಹುಡುಗಿಯರ ಜೊತೆ ಕಟ್ಟಿಗೆಯ ಸ್ಟೂಲಿನ ಮೇಲೆ ಕೂರುತ್ತೇನೆ. ಸರ್ ಬಾಯಿಂದ ಹೇಳಬೇಕು, ಕೈ ಹಚ್ಚಕೂಡದು. ಕೈ ಹಚ್ಚಿದರೆ ಇಡೀ ಬ್ಯಾಚಿಗೆ ಚಹಾ ಕುಡಿಸಬೇಕು. ಪದಗಳೆಲ್ಲ ಮುಗಿಯುವವರೆಗೆ ಸರ್ಟಿಫಿಕೇಟು ಅವರ ಡ್ರಾವರಿನಲ್ಲೇ ಇರಬೇಕು. ಫ್ಲೆಕ್ಸನ್ನು ಇಳಿಸುವ ಮಾತನ್ನು ಮಾತ್ರ ನಾನೇ ಬಿಟ್ಟೆ. ಅದರ ಕೆಳಗೆ ಕೂತು ಇಷ್ಟೆಲ್ಲ ಸತ್ಯ ಹೇಳಿದರೂ ಯಾರೂ ನಂಬದಿದ್ದ ಮೇಲೆ ಅದು ಇದ್ದರೇನು, ಬಿಟ್ಟರೇನು.

ಊರಿಗೆ ಹೋದವಳೇ ಕಾಕಾನ ಮನೆಗೆ ಹೋಗಿ ನಿಜ ಹೇಳಿದೆ. ಕರೆಂಟ್ ಇತ್ತು, ನನಗೇ ಬರುತ್ತಿರಲಿಲ್ಲ ಎಂದೆ. ‘ಫ್ಯಾನ್ ನೋಡಿದೆನಲ್ಲವ್ವಾ’ ಎಂದಷ್ಟೇ ಅಂದರು ಕಾಕಾ. ಆವತ್ತಿನಿಂದ ದಿನಾ ಸಂಜೆ ಅವರು ಭೂತಗನ್ನಡಿ ಹಿಡಿದು ಓದುವುದು, ನಾನು ಇನ್ನೂರು ಪುಟದ ನೋಟುಬುಕ್ಕಿನ ಖಾಲಿ ಹಾಳೆಗಳಲ್ಲಿ ಬರೆದುಕೊಳ್ಳುವುದು. ಓದುತ್ತ ಓದುತ್ತ ಹಾಡಿಬಿಡುತ್ತಿದ್ದರು. ಕೋಲಿನಿಂದ ನೆಲ ಕುಟ್ಟಿ ತಾಳ ಹಾಕುತ್ತಿದ್ದರು. ಕಂಪ್ಯೂಟರಿನ ಪೀಳಿಗೆಗಳು ಮುಗಿದ ಜಾಗದಿಂದಲೇ ಮೊಹರಂ ಪದಗಳು ಶುರುವಾದವು. ಆ ನೋಟುಬುಕ್ಕು ಈಗಲೂ ನನ್ನ ಹತ್ತಿರ ಇದೆ.

ವಾರಕ್ಕೆ ಮೂರು ದಿನ ಮುಂಜಾನೆಯ ಬ್ಯಾಚಿಗೆ ಹೋಗಿಬಂದೆ. ಮೊದಲ ದಿನ ನಾಲ್ಕು ಸಲ ಚಹಾ ಬಂತು. ಸರ್‌ಗೆ ಕೈ ತಡೆಯಲಾಗುತ್ತಿರಲಿಲ್ಲ. ನನ್ನ ಬೆರಳು ತಪ್ಪು ಕಡೆ ಹೊರಟರೆ ಅವರ ಕೈ ತಾನೇ ಮುಂದೆ ಬರುತ್ತಿತ್ತು, ಹುಡುಗಿಯರು ‘ಸರ್, ಚಹಾ’ ಎನ್ನುತ್ತಿದ್ದರು. ಕೊನೆಗೆ ಅವರು ಎರಡೂ ಕೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂರುವುದು ಕಲಿತರು. ನಾನು ಟೈಪಿಂಗು ಕಲಿತದ್ದಕ್ಕಿಂತ ಅವರು ಅದನ್ನು ಕಲಿತದ್ದು ಹೆಚ್ಚು ಕಷ್ಟದಿಂದ. ಮೊದಲ ಪದಕ್ಕೆ ನನಗೆ ಎರಡು ದಿನ ಹಿಡಿಯಿತು. ಮಾಡಿದ್ದೆಲ್ಲ ಒಮ್ಮೆ ಅಳಿಸಿಹೋಯಿತು. ಹುಡುಗಿಯರು ನಕ್ಕರು, ನಾನೂ ನಕ್ಕೆ, ನಕ್ಕರೆ ಏನೂ ಆಗುವುದಿಲ್ಲ ಎಂಬುದೂ ಆಗ ತಿಳಿಯಿತು. ಬಾಜುವಿನ ಸ್ಟೂಲಿನ ಹುಡುಗಿ ತಾನೂ ಹಾಗೇ ಕಳೆದುಕೊಂಡಿದ್ದನ್ನು ಹೇಳಿ, ಎಲ್ಲಿ ಒತ್ತಿದರೆ ಉಳಿಯುತ್ತದೆಂದು ತೋರಿಸಿದಳು. ಆ ಗಾದಿ ಕುರ್ಚಿಯಲ್ಲಿ ಇದನ್ನು ಹೇಳಲು ಯಾರಿದ್ದರು?

ಒಂದು ದಿನ ನಾನು ಟೈಪು ಮಾಡಿದ ಪದವನ್ನು ಸರ್ ಕೈಕಟ್ಟಿ ಓದುತ್ತ ಓದುತ್ತ ಗುನುಗತೊಡಗಿದರು. ಅವರ ದೊಡ್ಡಪ್ಪ ಹಾಡುತ್ತಿದ್ದ ಪದವಂತೆ. ಎರಡನೇ ನುಡಿಗೆ ಬಂದು ನಿಂತು, ಇಲ್ಲಿ ಏನೋ ಬಿಟ್ಟಿದೆ, ರಾಗ ಕೂಡುತ್ತಿಲ್ಲ ಎಂದರು. ನೋಡಿದರೆ ಒಂದು ಸಾಲನ್ನೇ ಹಾರಿಸಿದ್ದೆ. ಸಂಜೆ ಕಾಕಾನಿಗೆ ಹೇಳಿದಾಗ ಅವರಿಗಾದ ಸಂತೋಷ ನೋಡಬೇಕಿತ್ತು. ಅಪ್ಪನ ಪದ ಕುಂದಗೋಳದ ತನಕ ಹೋಗಿತ್ತು ಎಂದು ಸಿಕ್ಕವರಿಗೆಲ್ಲ ಹೇಳಿದರು.

ನಲವತ್ತೊಂದು ಪದ ಮುಗಿಯುವಾಗ ಶಿವರಾತ್ರಿ ಹತ್ತಿರ ಬಂದಿತ್ತು. ಕೊನೆಯ ಎರಡು ವಾರ ಚಹಾ ಬರಲೇ ಇಲ್ಲ, ಹುಡುಗಿಯರು ನನ್ನ ಮೇಲೆ ಮುನಿಸಿಕೊಂಡಿದ್ದರು. ಸರ್ ಡ್ರಾವರಿನಿಂದ ಸರ್ಟಿಫಿಕೇಟು ತೆಗೆದರು. ಲ್ಯಾಮಿನೇಷನ್ ಆಗಿದ್ದರಿಂದ ಪೆನ್ನಿನ ಬರಹ ಹತ್ತಲಿಲ್ಲ. ದಪ್ಪ ಮಾರ್ಕರಿನಿಂದ ಅದರ ಬೆನ್ನಿಗೆ ‘ಇವರಿಗೆ ಈಗ ಬರುತ್ತದೆ’ ಎಂದು ಬರೆದು ಸಹಿ ಮಾಡಿಕೊಟ್ಟರು. ನಾನು ಅದನ್ನು ಎರಡೂ ಕೈಯಿಂದ ತೆಗೆದುಕೊಂಡೆ. ಮನೆಯ ಗೋಡೆಗೆ ಅದನ್ನು ಬೆನ್ನು ಮುಂದೆ ಮಾಡಿ ತೂಗುಹಾಕಿದ್ದೇನೆ.

ಬಸ್ಸಿನಲ್ಲಿ ಬರುವಾಗ ಊರ ಹತ್ತಿರ ಒಂದು ಕಣದಲ್ಲಿ ನನ್ನ ಮುಖ ಕಂಡಿತು. ಬ್ಯಾಚು ತುಂಬಿದ ಮೇಲೆ ಸರ್ ಫ್ಲೆಕ್ಸು ಇಳಿಸಿ ಗೊಬ್ಬರದಂಗಡಿಯವರಿಗೆ ಕೊಟ್ಟಿದ್ದರು, ಅವರು ಯಾರೋ ಗಿರಾಕಿಗೆ ಕೊಟ್ಟಿದ್ದರು. ಒಣಮೆಣಸಿನಕಾಯಿಯ ರಾಶಿಗೆ ಇಬ್ಬನಿ ತಾಗದಿರಲೆಂದು ಹೊದಿಸಿ, ನನ್ನ ಎರಡೂ ಕೆನ್ನೆಯ ಮೇಲೆ ಒಂದೊಂದು ಕಲ್ಲು ಹೇರಿದ್ದರು. ಅಂತೂ ಒಂದು ಕೆಲಸಕ್ಕೆ ಬಂದೆ ಎಂದುಕೊಂಡೆ.

ಅವತ್ತೇ ಮಧ್ಯಾಹ್ನ ಗ್ರಂಥಾಲಯದ ಕ್ಯಾಬಿನ್ನಿನ ಕೀಲಿ ತೆಗೆದು, ಬಟ್ಟೆ ಸರಿಸಿ, ಪೆನ್‌ಡ್ರೈವಿನಲ್ಲಿ ತಂದ ಪದಗಳನ್ನು ತೆರೆದು, ಅಕ್ಷರಗಳನ್ನು ದೊಡ್ಡದು ಮಾಡಿ ಕಾಕಾನನ್ನು ಬಾಜುವಿಗೆ ಕೂರಿಸಿಕೊಂಡೆ. ಅವರು ಭೂತಗನ್ನಡಿ ತೆಗೆದರು, ಬೇಕಾಗಲಿಲ್ಲ, ಮತ್ತೆ ಕಿಸೆಯಲ್ಲಿಟ್ಟರು. ಒಂದೊಂದೇ ಪದ ನೋಡುತ್ತ ಬಂದರು, ತುಟಿ ಅಲುಗುತ್ತಿತ್ತು. ಕೊನೆಯವರೆಗೆ ನೋಡಿ, ಮತ್ತೆ ಮೊದಲ ಹಾಳೆಗೆ ಹೋಗಲು ಹೇಳಿದರು.

‘ಎಲ್ಲಾ ಐತಿ. ಕಟ್ಟಿದಾವನ ಹೆಸರ ಎಲ್ಲೈತಿ?’

ಹೆಸರು ನೋಟುಬುಕ್ಕಿನಲ್ಲಿ ಇರಲೇ ಇಲ್ಲ. ಅದನ್ನು ಬರೆದವರಿಗೆ ತಮ್ಮ ಹೆಸರು ಬರೆದುಕೊಳ್ಳುವ ಗರಜೇನಿತ್ತು? ಊರಿಗೆಲ್ಲ ಗೊತ್ತಿತ್ತು. ನಾನೂ ಇದ್ದದ್ದನ್ನಷ್ಟೇ ಟೈಪು ಮಾಡಿದ್ದೆ. ಕಾಕಾ ಪರದೆಯ ಮೇಲಿನ ಖಾಲಿ ಜಾಗ ತೋರಿಸಿ, ಇಲ್ಲಿ ಬರಬೇಕು ಎಂದರು. ಎಲ್ಲಿ ಒತ್ತಬೇಕೆಂದು ಕೇಳುತ್ತ ಮುದಿ ಬೆರಳನ್ನು ಕೀಬೋರ್ಡಿನ ಕಡೆ ಚಾಚಿದರು.

‘ಬಿಡ್ರಿ ಕಾಕಾ, ನಾ ಮಾಡತೀನಿ’ ಎಂದೆ.

ಅವರು ತಟ್ಟನೆ ಕೈ ಹಿಂದೆ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡರು. ಅವತ್ತು ಬಟ್ಟೆಯ ಅಂಚಿನಿಂದ ತೆಗೆಸಿದಾಗಲೂ ಹೀಗೇ ಇಟ್ಟುಕೊಂಡಿದ್ದರು. ನನ್ನ ಬೆರಳು ಕೀಬೋರ್ಡಿನ ಮೇಲೆಯೇ ನಿಂತಿತು. ಯಾವ ಮಾತಿಗಾಗಿ ಕುಂದಗೋಳದಲ್ಲಿ ಅಷ್ಟು ದೊಡ್ಡ ಜಗಳ ತೆಗೆದಿದ್ದೆನೋ ಅದೇ ಮಾತು, ಅದೇ ದನಿಯಲ್ಲಿ, ನನ್ನ ಬಾಯಿಂದ ಬಂದಿತ್ತು. ಎರಡು ವರ್ಷದಿಂದ ಈ ಊರಿಗೆಲ್ಲ ನಾನು ಹೇಳುತ್ತ ಬಂದದ್ದೂ ಇದನ್ನೇ. ಸೆರಗಿನ ಗಂಟಿನಲ್ಲಿ ಕೀಲಿ ಕಟ್ಟಿಕೊಂಡು, ಬಟ್ಟೆಯ ಮೇಲೆ ಬಟ್ಟೆ ಹೊದಿಸಿ.

ಕೀಬೋರ್ಡನ್ನು ಅವರ ಮುಂದೆ ಸರಿಸಿದೆ. ತಪ್ಪಾಯಿತು ಕಾಕಾ, ನೀವೇ ಮಾಡಿರಿ ಎಂದೆ. ಕೆಟ್ಟರೆ ಎಂದು ಅವರು ಹೆದರಿದರು. ಕೆಡಲಿ ಎಂದೆ. ಆಮೇಲೆ ನನ್ನನ್ನು ನಾನು ನಂಬದೆ ಎರಡೂ ಕೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತೆ. ಸರ್ ಹೇಗೆ ಅಷ್ಟು ದಿನ ತಡೆದರೋ, ಆಗ ನನಗೆ ಅವರ ಕಷ್ಟ ಗೊತ್ತಾಯಿತು. ಬಾಯಿಂದ ಒಂದೊಂದೇ ಅಕ್ಷರದ ಜಾಗ ಹೇಳಿದೆ. ಕಾಕಾ ಹುಡುಕಿದರು, ತಪ್ಪು ಒತ್ತಿದರು, ಅಳಿಸಿದರು, ಮತ್ತೆ ಹುಡುಕಿದರು. ಅಷ್ಟರಲ್ಲಿ ಶಾಲೆ ಬಿಟ್ಟು ಹೈಸ್ಕೂಲಿನ ಹುಡುಗಿಯರು ಕಿಟಕಿಯಲ್ಲಿ ನಿಂತಿದ್ದರು. ಒಳಗೆ ಬರ್ರಿ ಎಂದೆ. ಅವರು ಚಪ್ಪಲಿ ಬಿಟ್ಟು ಬಂದು ಎರಡನೇ ಕಂಪ್ಯೂಟರಿನ ಬಟ್ಟೆ ತೆಗೆದರು. ಅದರ ಪರದೆಯ ಮೇಲೆ ಇನ್ನೂ ಆಯುಧಪೂಜೆಯ ಕುಂಕುಮ ಇತ್ತು.

ಐದಕ್ಷರದ ಹೆಸರಿಗೆ ಮುಕ್ಕಾಲು ತಾಸು ಹಿಡಿಯಿತು. ಕೊನೆಯ ಅಕ್ಷರ ಬಂದು ನಿಂತಾಗ ಕಾಕಾ ಟೊಪ್ಪಿಗೆ ತೆಗೆದು ಮಡಿಲಲ್ಲಿಟ್ಟುಕೊಂಡು, ಪರದೆಯ ಮೇಲಿನ ಅಪ್ಪನ ಹೆಸರನ್ನು ಸುಮ್ಮನೆ ನೋಡಿದರು. ನಾನು ತೊಡೆಯ ಕೆಳಗಿನ ಕೈ ತೆಗೆಯಲು ಹೊರಟೆ.

‘ತಡಿ ತಂಗಿ, ಹಂಗ ಕುಂದರು’ ಎಂದರು ಕಾಕಾ. ‘ಓದಿ ಹೇಳಿದಾವನ ಹೆಸರ ಬ್ಯಾಡೇನು? ಅದ ಇನ್ನೂ ಉದ್ದ ಐತಿ.’